ಅಗಸ್ಟೀನರ ಹತ್ತನೆಯ ಪುಸ್ತಕ



“ಮೊದಲು ನಡತೆ ನೆಟ್ಟಗಾಗಲಿ, ದೇವರ ವಿಚಾರ ಆಮೇಲೆ” ಎನ್ನುವವರನ್ನು ನಾವೆಲ್ಲ ಕಂಡಿದ್ದೇವೆ. ಪವಿತ್ರವಾದದ್ದರ ಹತ್ತಿರ ಹೋಗಲು ತನಗೆ ಯೋಗ್ಯತೆಯಿಲ್ಲ ಎಂಬ ಅಳುಕು ಅದು. ಅದರಲ್ಲಿ ಭಕ್ತಿಯೂ ಇದೆ. ಆದರೆ ಬೈಬಲ್ ಈ ಸರದಿಯನ್ನು ಒಪ್ಪುವುದಿಲ್ಲ. ವಿವೇಕದ ಕೊರತೆ ಇರುವವರೇ ದೇವರನ್ನು ಬೇಡಲಿ, ಆತ ಹಂಗಿಸುವವನಲ್ಲ ಎಂಬುದು ಯಾಕೋಬನ ಪತ್ರಿಕೆಯ ಭರವಸೆ. ಗಿಬ್ಯೋನಿನಲ್ಲಿ ವಿವೇಕವನ್ನು ಬೇಡಿ ಪಡೆದ ಸೊಲೊಮೋನ ಅರಸನೇ ಮುಪ್ಪಿನಲ್ಲಿ ದಾರಿ ತಪ್ಪಿದ ಕಥೆಯನ್ನೂ ಅದೇ ಗ್ರಂಥ ಮುಚ್ಚಿಡದೆ ಹೇಳುತ್ತದೆ. ಬೇಡುವವನೂ ಕುಂದುಳ್ಳವನು, ಪಡೆದವನೂ ಎಡವಬಲ್ಲವನು. ಈ ಎರಡು ಮಾತುಗಳನ್ನು ತಮ್ಮ ಬದುಕಿಗೇ ಹಚ್ಚಿ ನೋಡಿದವರು ಸಂತ ಅಗಸ್ಟೀನರು. ಇಂದಿನ ಮಾತು ಅವರ ಕುರಿತು.

ಅಗಸ್ಟೀನರು ಹುಟ್ಟಿದ್ದು 354ರಲ್ಲಿ, ಉತ್ತರ ಆಫ್ರಿಕಾದ ಥಗಾಸ್ತೆ ಎಂಬ ಸಣ್ಣ ಊರಿನಲ್ಲಿ. ಇಂದು ಅದು ಅಲ್ಜೀರಿಯಾ ದೇಶದಲ್ಲಿದೆ. ತಾಯಿ ಮೋನಿಕಾ ಕ್ರೈಸ್ತಳು. ತಂದೆ ಪತ್ರೀಸಿಯಸ್ ಕ್ರೈಸ್ತನಾದದ್ದು ಕೊನೆಗಾಲದಲ್ಲಿ. ಹದಿನಾರರ ವಯಸ್ಸಿನಲ್ಲಿ, ಓದಿಸಲು ತಂದೆಯ ಕೈಯಲ್ಲಿ ಹಣವಿಲ್ಲದೆ, ಹುಡುಗ ಒಂದು ವರ್ಷ ಮನೆಯಲ್ಲಿ ಸುಮ್ಮನಿದ್ದ. ಆಗ ಗೆಳೆಯರ ಗುಂಪು ಕಟ್ಟಿಕೊಂಡು ರಾತ್ರಿ ಹೊತ್ತು ಪಕ್ಕದ ತೋಟದ ಪೇರ್ ಮರವನ್ನು ಅಲುಗಿಸಿ ಹಣ್ಣುಗಳನ್ನು ಕದ್ದರು. ನೋಡಲು ಚೆಂದವಿರಲಿಲ್ಲ, ರುಚಿಯೂ ಇರಲಿಲ್ಲ. ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಇದಕ್ಕಿಂತ ಒಳ್ಳೆಯ ಹಣ್ಣು ತನ್ನಲ್ಲೇ ಇತ್ತು ಎಂದು ಅಗಸ್ಟೀನರು ಬರೆಯುತ್ತಾರೆ. ಹಾಗಾದರೆ ಕದ್ದದ್ದೇಕೆ? ಹಸಿವಿಗಲ್ಲ, ಲಾಭಕ್ಕಲ್ಲ. ಮಾಡಬಾರದ್ದನ್ನು ಮಾಡುವುದೇ ಹಿತವಾಗಿತ್ತು. ಒಬ್ಬನೇ ಇದ್ದಿದ್ದರೆ ಮಾಡುತ್ತಿರಲಿಲ್ಲ. ‘ಕನ್‌ಫೆಷನ್ಸ್’ ಎಂಬ ತಮ್ಮ ಕೃತಿಯ ಎರಡನೆಯ ಪುಸ್ತಕದ ಅರ್ಧಕ್ಕೂ ಹೆಚ್ಚು ಭಾಗವನ್ನು ಅವರು ಈ ಒಂದು ಕಳ್ಳತನಕ್ಕೆ ಕೊಟ್ಟಿದ್ದಾರೆ. ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ವಿಚಾರಣೆಯೇ ಎಂದು ಕೆಲವರಿಗೆ ಅನಿಸುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ದೊಡ್ಡ ತಪ್ಪುಗಳಿಗೆ ಕಾರಣ ಹೇಳಬಹುದು, ಕಷ್ಟ ಹೇಳಬಹುದು; ಇಂಥ ಸಣ್ಣದರಲ್ಲಿ ಮನಸ್ಸು ಯಾವ ನೆಪವೂ ಇಲ್ಲದೆ ಸಿಕ್ಕಿಬೀಳುತ್ತದೆ.

ಹತ್ತೊಂಬತ್ತರಲ್ಲಿ ಕಾರ್ಥೇಜ್ ನಗರದಲ್ಲಿ ಓದುತ್ತಿದ್ದಾಗ ಸಿಸೆರೊನ ‘ಹೊರ್ಟೆನ್ಸಿಯಸ್’ ಕೈಗೆ ಬಂತು. ತತ್ತ್ವಜ್ಞಾನದ ಕಡೆಗೆ ಕರೆಯುವ ಆ ಕೃತಿ ಈಗ ಪೂರ್ತಿಯಾಗಿ ಉಳಿದಿಲ್ಲ. ಅದನ್ನು ಓದಿದ ಮೇಲೆ ಅಗಸ್ಟೀನರಿಗೆ ಜ್ಞಾನದ ಹಂಬಲ ಹಿಡಿಯಿತು. ಆಗ ಬೈಬಲ್ ತೆರೆದು ನೋಡಿದರು. ಅದರ ಲ್ಯಾಟಿನ್ ಸಿಸೆರೊನ ಗತ್ತಿನ ಮುಂದೆ ಒರಟಾಗಿ ಕಂಡು ಮುಚ್ಚಿಟ್ಟರು. ಮುಂದೆ ಸುಮಾರು ಒಂಬತ್ತು ವರ್ಷ ಅವರು ಮಾನಿಕೇಯ ಪಂಥದ ಜೊತೆಗಿದ್ದರು. ಬೆಳಕು ಮತ್ತು ಕತ್ತಲೆ ಎಂಬ ಎರಡು ಶಕ್ತಿಗಳ ಕಾದಾಟವೇ ಲೋಕ, ಮನುಷ್ಯನೊಳಗಿನ ಕೆಡುಕು ಆ ಕತ್ತಲೆಯದು ಎಂಬುದು ಆ ಪಂಥದ ನಂಬಿಕೆ. ಪಾಪ ಮಾಡಿದ್ದು ನಾನಲ್ಲ, ನನ್ನೊಳಗಿನ ಬೇರೇನೋ ಎನ್ನುವುದು ತಮ್ಮ ಹೆಮ್ಮೆಗೆ ಹಿತವಾಗಿತ್ತು ಎಂದು ಅವರೇ ಮುಂದೆ ಬರೆದರು.

ಈ ನಡುವೆ ಒಬ್ಬ ಸಂಗಾತಿ, ಅವಳಿಂದ ಅದಿಯೊದಾತುಸ್ ಎಂಬ ಮಗ. ಮಿಲಾನ್‌ನಲ್ಲಿ ವಾಗ್ಮಿತೆಯ ಅಧ್ಯಾಪಕರಾದ ಮೇಲೆ, ಒಳ್ಳೆಯ ಮನೆತನದ ಸಂಬಂಧಕ್ಕೆ ಅಡ್ಡಿಯೆಂದು ಅವಳನ್ನು ಆಫ್ರಿಕಾಕ್ಕೆ ಕಳುಹಿಸಿಬಿಟ್ಟರು. ಮಗ ತಂದೆಯ ಬಳಿಯೇ ಉಳಿದ. ಇನ್ನೊಬ್ಬ ಪುರುಷನನ್ನು ಸೇರುವುದಿಲ್ಲವೆಂದು ಆಕೆ ದೇವರಿಗೆ ಹರಕೆ ಹೊತ್ತು ಹೋದಳು; ಅಗಸ್ಟೀನರು ಮದುವೆಯ ದಿನದವರೆಗೂ ಕಾಯಲಾರದೆ ಬೇರೊಬ್ಬಳನ್ನು ತಂದುಕೊಂಡರು. ಇದನ್ನೂ ಅವರೇ ಹೇಳಿದ್ದು. ಆದರೆ ಇಷ್ಟೆಲ್ಲ ಹೇಳುವವರು ಅವಳ ಹೆಸರನ್ನು ಎಲ್ಲಿಯೂ ಬರೆದಿಲ್ಲ. ಆ ಪುಟಗಳನ್ನು ಓದುವಾಗ ನನಗೆ ಪ್ರತಿ ಸಲವೂ ನೋವಾಗುತ್ತದೆ.

ಮಿಲಾನ್‌ನಲ್ಲಿ ಧರ್ಮಾಧ್ಯಕ್ಷ ಆಂಬ್ರೋಸರ ಪ್ರಸಂಗಗಳು ಬೈಬಲ್ಲಿನ ಬಗ್ಗೆ ಇದ್ದ ಆಕ್ಷೇಪಗಳನ್ನು ಸಡಿಲಿಸಿದವು. ಪ್ಲೇಟೋ ಪರಂಪರೆಯ ಗ್ರಂಥಗಳು ಕಣ್ಣಿಗೆ ಕಾಣದ ಸತ್ಯವಿದೆ ಎಂದು ಮನಗಾಣಿಸಿದವು. ಗುರಿ ಕಂಡಿತು, ಕಾಲು ಏಳಲಿಲ್ಲ. ಅಗಸ್ಟೀನರ ವಿಚಾರದ ತಿರುಳು ಇಲ್ಲಿದೆ. ಆ ಗ್ರಂಥಗಳಲ್ಲಿ ಬೆಳಕಿತ್ತು, ಆದರೆ ಆ ಬೆಳಕು ಮನುಷ್ಯನಿಗಾಗಿ ಕೆಳಗಿಳಿದು ಬಂದ ಸುದ್ದಿ ಇರಲಿಲ್ಲ ಎನ್ನುತ್ತಾರೆ ಅವರು. ಕ್ರಿಸ್ತ ಮನುಷ್ಯನ ದುರ್ಬಲ ದೇಹವನ್ನು ತೊಟ್ಟು ಬಂದಿದ್ದಾನೆ. ಆದ್ದರಿಂದ ಜ್ಞಾನಕ್ಕಾಗಿ ದುರ್ಬಲತೆಯಿಂದ ಓಡಿಹೋಗಬೇಕಿಲ್ಲ, ಅದನ್ನು ಒಪ್ಪಿಕೊಂಡ ಕಡೆಯಲ್ಲೇ ಆತ ಎದುರಾಗುತ್ತಾನೆ. 386ರ ಬೇಸಿಗೆಯಲ್ಲಿ ಮಿಲಾನ್‌ನ ತೋಟವೊಂದರಲ್ಲಿ ಪೌಲನ ಪತ್ರಿಕೆ ತೆರೆದು ಓದಿ ಮನಸ್ಸು ತಿರುಗಿದ ಸಂಗತಿ ನಿಮ್ಮಲ್ಲಿ ಹಲವರಿಗೆ ಗೊತ್ತು. ಮರುವರ್ಷ ಈಸ್ಟರ್ ಜಾಗರಣೆಯಲ್ಲಿ ಆಂಬ್ರೋಸರಿಂದ ಜ್ಞಾನಸ್ನಾನ ಪಡೆದರು. ಮಗನೂ ಜೊತೆಗಿದ್ದ.

ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ಮುಗಿಸುತ್ತಾರೆ: ಪಾಪಿ ಸಂತನಾದ, ಮಂಗಳ. ಅಗಸ್ಟೀನರು ಮುಗಿಸಲಿಲ್ಲ. ಮತಾಂತರವಾಗಿ ಹತ್ತು ವರ್ಷ ಕಳೆದು, ಹಿಪ್ಪೊ ಪಟ್ಟಣದ ಧರ್ಮಾಧ್ಯಕ್ಷರಾದ ಮೇಲೆ ಅವರು ಬರೆದದ್ದು ‘ಕನ್‌ಫೆಷನ್ಸ್’. ಅದರ ಹತ್ತನೆಯ ಪುಸ್ತಕದಲ್ಲಿ ಹಳೆಯ ಪಾಪಗಳನ್ನು ಬಿಟ್ಟು, ಈಗ ತಾವು ಹೇಗಿದ್ದೇವೆ ಎಂದು ನೋಡುತ್ತಾರೆ. ಊಟಕ್ಕೆ ಕೂತಾಗ ದೇಹ ಕೇಳುವುದು ಎಲ್ಲಿಗೆ ಮುಗಿದು ನಾಲಗೆಯ ಚಪಲ ಎಲ್ಲಿಂದ ಶುರುವಾಗುತ್ತದೆ ಎಂಬುದು ಅವರಿಗೆ ತಿಳಿಯುವುದಿಲ್ಲ. ದೇವಾಲಯದಲ್ಲಿ ಕೀರ್ತನೆ ಹಾಡುವಾಗ ಅರ್ಥಕ್ಕಿಂತ ರಾಗಕ್ಕೆ ಮನಸೋತೆನೇನೋ ಎಂಬ ಕಳವಳ. ಮನೆಯಲ್ಲಿ ಕೂತಾಗ ಹಲ್ಲಿ ನೊಣ ಹಿಡಿಯುವುದನ್ನೋ ಬಲೆಗೆ ಬಿದ್ದ ಹುಳುವನ್ನು ಜೇಡ ಸುತ್ತುವುದನ್ನೋ ನೋಡುತ್ತ ಪ್ರಾರ್ಥನೆಯಿಂದ ಚಿತ್ತ ಜಾರುತ್ತದೆ. ಹೊಗಳಿಕೆ ಬೇಡವೆನ್ನುತ್ತಲೇ, ಬೇಡವೆಂದದ್ದಕ್ಕೆ ಒಳಗೊಳಗೇ ಉಬ್ಬುತ್ತಾರೆ. ಸಾವಿರಾರು ಜನ ಗುರುವೆಂದು ನಂಬಿದ್ದ ವ್ಯಕ್ತಿ ಇದನ್ನು ಬರೆದು ಎಲ್ಲರ ಕೈಗೆ ಕೊಟ್ಟರು.

ಕುಂದು ಯಾರನ್ನೂ ಬಿಡದು ಎಂಬ ಈ ತಿಳಿವಳಿಕೆ ಅವರ ಊರಿನ ದೊಡ್ಡ ಜಗಳದಲ್ಲೂ ಕೆಲಸಕ್ಕೆ ಬಂತು. 303ರಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ ಕ್ರೈಸ್ತರ ಮೇಲೆ ಹಿಂಸೆ ಶುರುಮಾಡಿದಾಗ ಕೆಲವು ಧರ್ಮಾಧ್ಯಕ್ಷರು ಹೆದರಿ ಧರ್ಮಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದ್ದರು. ಅಂಥವರ ಕೈಯಿಂದಾದ ಸಂಸ್ಕಾರ ಸಲ್ಲದು, ಧರ್ಮಸಭೆ ಶುದ್ಧರದ್ದಾಗಿರಬೇಕು ಎಂದು ಡೊನಾಟಿಸ್ಟರು ಬೇರೆಯಾದರು. ಅಗಸ್ಟೀನರ ಉತ್ತರ ಗಟ್ಟಿಯಾಗಿತ್ತು: ಸಂಸ್ಕಾರ ಕ್ರಿಸ್ತನದು, ಕೊಡುವವನ ಕುಂದು ಅದಕ್ಕೆ ತಟ್ಟದು, ಈ ಲೋಕದಲ್ಲಿ ಗೋದಿ ಮತ್ತು ಕಳೆ ಒಟ್ಟಿಗೇ ಬೆಳೆಯುತ್ತವೆ, ಬೇರ್ಪಡಿಸುವ ಹೊತ್ತು ನಮ್ಮದಲ್ಲ. ಕ್ರೈಸ್ತ ಲೋಕ ಇಂದಿಗೂ ಬಹುಮಟ್ಟಿಗೆ ಈ ನಿಲುವಿನ ಮೇಲೆಯೇ ನಿಂತಿದೆ.

ಅದೇ ಜಗಳದಲ್ಲಿ ಅವರು ಎಡವಿದರು. ಮೊದಲು ವಾದದಿಂದಲೇ ಮನ ಒಲಿಸಬೇಕು ಎನ್ನುತ್ತಿದ್ದವರು, ಸಾಮ್ರಾಜ್ಯದ ಕಾನೂನು ಡೊನಾಟಿಸ್ಟರನ್ನು ಬಗ್ಗಿಸಿ ಹಿಂದಕ್ಕೆ ತಂದದ್ದನ್ನು ಕಂಡ ಮೇಲೆ ಆ ಬಲವಂತವನ್ನು ಸಮರ್ಥಿಸಿದರು. ಮರಣದಂಡನೆ ಬೇಡವೆಂದು ಅಧಿಕಾರಿಗಳನ್ನು ಕೇಳಿಕೊಂಡರು ನಿಜ, ಆದರೆ ದಂಡ ಮತ್ತು ಒತ್ತಾಯ ಸರಿಯೆಂದರು. ಎಪ್ಪತ್ತು ದಾಟಿದ ಮೇಲೆ ತಾವು ಬರೆದ ಪುಸ್ತಕಗಳನ್ನೆಲ್ಲ ಒಂದೊಂದಾಗಿ ಮತ್ತೆ ಓದಿ, ತಪ್ಪೆನಿಸಿದ್ದನ್ನು ಗುರುತಿಸಿ ಒಂದು ಗ್ರಂಥವನ್ನೇ ಬರೆದರು. ಅಂಥ ಪ್ರಾಮಾಣಿಕತೆ ಅಪರೂಪ. ಆದರೆ ಈ ವಿಷಯ ಬಂದಾಗ ಅದರಲ್ಲಿ ಅವರು ತಿದ್ದಿಕೊಂಡದ್ದು ಹಳೆಯ ಮೃದು ನಿಲುವನ್ನು, ಬಲವಂತವನ್ನಲ್ಲ. 1685ರ ನಂತರ ಫ್ರಾನ್ಸಿನಲ್ಲಿ ಪ್ರೊಟೆಸ್ಟೆಂಟರನ್ನು ಹಿಂಸಿಸಿದಾಗ ಅವರ ಪತ್ರಗಳನ್ನೇ ಆಧಾರವಾಗಿ ತೋರಿಸಲಾಯಿತು.

ಹಲ್ಲಿ ನೊಣ ಹಿಡಿಯುವುದನ್ನು ನೋಡಿದ್ದಕ್ಕೂ ಲೆಕ್ಕ ಇಟ್ಟ ಮನಸ್ಸಿಗೆ ಬಲವಂತದ ಈ ತಪ್ಪು ಕಾಣಲಿಲ್ಲ. ಇದರಿಂದ ಅವರ ಹುಡುಕಾಟ ಸುಳ್ಳಾಯಿತೆಂದು ನಾನು ಹೇಳಲಾರೆ. ನನ್ನನ್ನು ನಾನೇ ಪೂರ್ತಿ ಅರಿಯಲಾರೆ, ನನಗೆ ಕಾಣದ್ದು ದೇವರಿಗೆ ಕಾಣುತ್ತದೆ ಎಂದು ಹತ್ತನೆಯ ಪುಸ್ತಕದಲ್ಲಿ ಬರೆದವರೂ ಅವರೇ. 430ರಲ್ಲಿ ವ್ಯಾಂಡಲರ ಸೈನ್ಯ ಹಿಪ್ಪೊವನ್ನು ಮುತ್ತಿದ್ದಾಗ ತೀರಿಕೊಂಡರು; ಕೊನೆಯ ದಿನಗಳಲ್ಲಿ ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ, ಮಲಗಿದಲ್ಲಿಂದ ಕಾಣುವಂತೆ ಗೋಡೆಗೆ ಹಚ್ಚಿಸಿಕೊಂಡಿದ್ದರು ಎಂದು ಜೊತೆಗಿದ್ದ ಪೊಸಿಡಿಯಸ್ ಬರೆದಿದ್ದಾರೆ.

‘ಕನ್‌ಫೆಷನ್ಸ್’ನಲ್ಲಿ ಒಟ್ಟು 13 ಪುಸ್ತಕಗಳಿವೆ. ಬದುಕಿನ ಕಥೆ ಒಂಬತ್ತನೆಯದಕ್ಕೆ ಮುಗಿಯುವುದರಿಂದ ಬಹಳ ಜನ ಓದುವುದನ್ನು ಅಲ್ಲಿಗೇ ಬಿಡುತ್ತಾರೆ. ನೀವು ಓದುವುದಾದರೆ ದಯವಿಟ್ಟು ಹತ್ತನೆಯದನ್ನು ಬಿಡಬೇಡಿ. ಬಿಡುವು ಕಡಿಮೆಯಿದ್ದರೆ ಅಲ್ಲಿಂದಲೇ ಶುರುಮಾಡಿ.