ಬೆಲೆಯೇರಿಕೆಯ ಭಾರ ಯಾರ ತಟ್ಟೆಯ ಮೇಲೆ?

(ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಪೇಟೆಯ ಯಾವುದೇ ಪುರುಷನೊಡನೆ ಪೆಟ್ರೋಲಿನ ದರವೆಷ್ಟೆಂದು ಕೇಳಿ ನೋಡಿ, ಪೈಸೆ ಸಹಿತ ಹೇಳುತ್ತಾನೆ. ಚಿನ್ನದ ದರವನ್ನೂ ಹೇಳಬಲ್ಲ. ಆದರೆ ನಿನ್ನ ಮನೆಯಲ್ಲಿ ವಾರಕ್ಕೆ ಎಷ್ಟು ಎಣ್ಣೆ ಖರ್ಚಾಗುತ್ತದೆ, ಎಷ್ಟು ಬೇಳೆ ಬೇಕಾಗುತ್ತದೆ, ಕಳೆದ ವಾರದ ಸಾಮಾನಿಗೆ ಎಷ್ಟು ಹಣ ಹೋಯಿತು ಎಂದು ಕೇಳಿದರೆ ಬಹುತೇಕ ಮಂದಿ ಪತ್ನಿಯ ಮುಖ ನೋಡುತ್ತಾರೆ. ಆದ್ದರಿಂದಲೇ ಬೆಲೆಯೇರಿಕೆಯ ಕುರಿತ ನಮ್ಮ ಚರ್ಚೆಗಳು ಚಹಾದಂಗಡಿಯಲ್ಲಿ ಆರಂಭವಾಗಿ ಚಹಾದಂಗಡಿಯಲ್ಲೇ ಮುಗಿದು ಹೋಗುತ್ತವೆ. ಸರಕಾರವನ್ನು ಬೈದು ಮನೆಗೆ ಬರುತ್ತೇವೆ, ಕೈ ತೊಳೆದು ಊಟಕ್ಕೆ ಕೂರುತ್ತೇವೆ. ತಟ್ಟೆಯಲ್ಲಿ ಎಂದಿನಂತೆ ಮೀನಿದ್ದರೆ ಬೆಲೆಯೇರಿಕೆ ನಮ್ಮ ಮನೆಯೊಳಗೆ ಬಂದಿಲ್ಲವೆಂದು ಭಾವಿಸುತ್ತೇವೆ. ಆ ಮೀನಿನ ತುಂಡು ನಮ್ಮ ತಟ್ಟೆಗೆ ಬರಬೇಕಾದರೆ ಅದು ಯಾರ ತಟ್ಟೆಯಲ್ಲಿ ಇಲ್ಲದಾಯಿತು ಎಂದು ವಿಚಾರಿಸುವುದಿಲ್ಲ. ಇಂದು ನಾವು ಮಾತನಾಡಬೇಕಾದುದು ಆ ಬಗ್ಗೆ.

ಮೊದಲು ಲೆಕ್ಕವನ್ನು ನೋಡೋಣ. ಕೇಂದ್ರ ಸರಕಾರದ ಮಾದರಿ ಸಮೀಕ್ಷಾ ಸಂಸ್ಥೆಯು 2023ರ ಆಗಸ್ಟ್‌ನಿಂದ 2024ರ ಜುಲೈವರೆಗೆ ನಡೆಸಿದ ಗೃಹ ಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ, ದೇಶದ ನಗರ ಪ್ರದೇಶಗಳಲ್ಲಿ ಒಬ್ಬ ವ್ಯಕ್ತಿಯ ತಿಂಗಳ ಸರಾಸರಿ ಖರ್ಚು 6,996 ರೂಪಾಯಿ. ಅದರಲ್ಲಿ ಸುಮಾರು ಶೇ. 40 ಭಾಗ ಆಹಾರಕ್ಕೇ ಹೋಗುತ್ತದೆ. ಐದು ಮಂದಿಯ ಕುಟುಂಬವೆಂದು ಭಾವಿಸಿದರೆ ತಿಂಗಳಿಗೆ ಸುಮಾರು 13,900 ರೂಪಾಯಿ, ವಾರಕ್ಕೆ ಸುಮಾರು 3,200 ರೂಪಾಯಿ. ಆದರೆ ಇದು ಸರಾಸರಿ. ಸರಾಸರಿಯೊಳಗೆ ಶ್ರೀಮಂತನೂ ಬಡವನೂ ಒಂದೇ ಚಾಪೆಯಲ್ಲಿ ಕುಳಿತಿರುತ್ತಾರೆ. ಅದೇ ಸಮೀಕ್ಷೆಯಲ್ಲಿ ನಗರದ ಅತ್ಯಂತ ಬಡ ಶೇ. 5 ಜನರ ತಿಂಗಳ ಖರ್ಚು ತಲೆಗೆ 2,376 ರೂಪಾಯಿ ಮಾತ್ರ. ಅನ್ನ, ಬಾಡಿಗೆ, ಬಟ್ಟೆ, ಔಷಧ, ಮಕ್ಕಳ ಶಾಲೆ ಎಲ್ಲವೂ ಸೇರಿ ದಿನಕ್ಕೆ 80 ರೂಪಾಯಿಯೂ ಆಗದು!

ಆದಾಯ ಕಡಿಮೆಯಾದಷ್ಟೂ ಆಹಾರಕ್ಕೆ ತೆರುವ ಪಾಲು ಹೆಚ್ಚುತ್ತದೆ ಎಂಬುದನ್ನು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್‌ಸ್ಟ್ ಎಂಗೆಲ್ 1857ರಲ್ಲೇ ತೋರಿಸಿಕೊಟ್ಟಿದ್ದರು. ಬೇಳೆಯ ಬೆಲೆ 20 ರೂಪಾಯಿ ಏರಿದರೆ ವ್ಯಾಪಾರಿಯ ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಆಟೋ ಚಾಲಕನ, ಬೀಡಿ ಕಟ್ಟುವ ಮಹಿಳೆಯ, ಗುಜರಿ ಅಂಗಡಿಯ ಕೆಲಸಗಾರನ ಮನೆಯಲ್ಲಿ ಅಂದಿನ ಅಡುಗೆಯೇ ಬದಲಾಗುತ್ತದೆ.

ಇನ್ನು, ಹಣದುಬ್ಬರ ಇಳಿದಿದೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ ನಮ್ಮ ಗೃಹಿಣಿಯರು ಅಚ್ಚರಿಪಡುತ್ತಾರೆ: ಅಂಗಡಿಯ ಬಿಲ್ಲು ಇಳಿಯಲಿಲ್ಲವಲ್ಲ? ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ, ಮಾತಿನ ಅರ್ಥವಷ್ಟೇ ಬೇರೆ. 2024ರ ಅಕ್ಟೋಬರ್‌ನಲ್ಲಿ ಆಹಾರ ವಸ್ತುಗಳ ಬೆಲೆ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇ. 10.87 ಹೆಚ್ಚಾಗಿತ್ತು. 2025ರ ಅಕ್ಟೋಬರ್‌ನಲ್ಲಿ ಅದು ಶೇ. 5.02ರಷ್ಟು ಇಳಿಯಿತು. ಇಳಿಕೆಯೆಂದು ಸಂಭ್ರಮಿಸಲಾಯಿತು. ಆದರೆ 2023ರಲ್ಲಿ 100 ರೂಪಾಯಿಗೆ ಬರುತ್ತಿದ್ದ ಚೀಲ ಮರುವರ್ಷ ಸುಮಾರು 111 ರೂಪಾಯಿಯಾಗಿ, ಆ ಬಳಿಕ 105 ರೂಪಾಯಿಗೆ ಬಂದು ನಿಂತಿತು ಎಂಬುದಷ್ಟೇ ಅದರ ಅರ್ಥ. ಇಳಿದ ಮೇಲೂ ಅದು 100ಕ್ಕೆ ಮರಳಲಿಲ್ಲ. ಅದೂ ಆ ಬಾರಿ ಹೆಚ್ಚಾಗಿ ಇಳಿದುದು ತರಕಾರಿ, ಬೇಳೆಗಳು. ಹಾಲು ಇಳಿಯಲಿಲ್ಲ. 2023ರ ಆಗಸ್ಟ್‌ಗೆ ಮೊದಲು ಲೀಟರಿಗೆ 39 ರೂಪಾಯಿಯಿದ್ದ ನಂದಿನಿಯ ನೀಲಿ ಪ್ಯಾಕೆಟ್ಟಿನ ಹಾಲು 2025ರ ಏಪ್ರಿಲ್‌ನಲ್ಲಿ 46 ರೂಪಾಯಿಯಾಯಿತು. ದಿನಕ್ಕೊಂದು ಲೀಟರ್ ಹಾಲು ಕೊಳ್ಳುವ ಮನೆಗೆ ತಿಂಗಳಿಗೆ 210 ರೂಪಾಯಿಯ ಹೆಚ್ಚುವರಿ ಹೊರೆ. ತೆಂಗಿನೆಣ್ಣೆಯಂತೂ 2025ರಲ್ಲಿ ಒಂದೇ ವರ್ಷದೊಳಗೆ ದುಪ್ಪಟ್ಟಾಯಿತು. ಅದರಲ್ಲೇ ಅಡುಗೆ ಮಾಡುವ ಕರಾವಳಿಯ ಮನೆಗಳಿಗೆ ಸರಾಸರಿಯ ಲೆಕ್ಕ ಯಾವ ಸಾಂತ್ವನ ನೀಡೀತು?

ಬೆಲೆಯೇರಿಕೆಗೆ ವ್ಯಾಪಾರಿಯ ದುರಾಸೆಯೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ವಸ್ತುಸ್ಥಿತಿ ಅಷ್ಟು ಸರಳವಾಗಿಲ್ಲ. ನಮ್ಮ ದೇಶ ತನಗೆ ಬೇಕಾದ ಖಾದ್ಯ ತೈಲದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ವಿದೇಶದಿಂದ ತರಿಸಿಕೊಳ್ಳುತ್ತದೆ. ತಾಳೆ ಎಣ್ಣೆ ಮುಖ್ಯವಾಗಿ ಇಂಡೋನೇಶ್ಯ, ಮಲೇಶ್ಯಗಳಿಂದ, ಸೂರ್ಯಕಾಂತಿ ಎಣ್ಣೆ ರಶ್ಯ, ಉಕ್ರೇನ್‌ಗಳಿಂದ ಬರುತ್ತದೆ. ಆದ್ದರಿಂದಲೇ 2022ರಲ್ಲಿ ಉಕ್ರೇನ್‌ನಲ್ಲಿ ಸಿಡಿದ ಬಾಂಬಿನ ಬಿಸಿ ನಮ್ಮ ಬಾಣಲೆಗೂ ತಟ್ಟಿತು. 2024ರ ಸೆಪ್ಟಂಬರ್‌ನಲ್ಲಿ ಕೇಂದ್ರ ಸರಕಾರವು ಎಣ್ಣೆಯ ಆಮದು ಸುಂಕವನ್ನು ಏರಿಸಿತು. ಎಣ್ಣೆಕಾಳು ಬೆಳೆಯುವ ರೈತನನ್ನು ರಕ್ಷಿಸಲು ಅದು ಅಗತ್ಯವೆಂಬ ವಾದವಿತ್ತು. ಅದರಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಆದರೆ ಹಬ್ಬಗಳ ಹೊಸ್ತಿಲಲ್ಲಿ ಎಣ್ಣೆಯ ದರ ಏರಿತು. 2025ರ ಮೇ ಕೊನೆಯಲ್ಲಿ ಕಚ್ಚಾ ಎಣ್ಣೆಗಳ ಮೂಲ ಸುಂಕವನ್ನು ಶೇ. 20ರಿಂದ ಶೇ. 10ಕ್ಕೆ ಇಳಿಸಲಾಯಿತು. ಹೀಗೆ ದಿಲ್ಲಿಯಲ್ಲಿ ಒಂದು ಆದೇಶಕ್ಕೆ ಸಹಿ ಬಿದ್ದರೆ ನಮ್ಮ ಓಣಿಯ ದಿನಸಿ ಅಂಗಡಿಯಲ್ಲಿ ದರ ಬದಲಾಗುತ್ತದೆ.

ತರಕಾರಿಯ ಕಥೆ ಇನ್ನೂ ವಿಚಿತ್ರ. 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ತೂಗುವ ಒಂದು ಪೆಟ್ಟಿಗೆ ಟೊಮೆಟೊ 2,000 ರೂಪಾಯಿ ದಾಟಿತು. ಇನ್ನು ಕೆಲವು ಸಲ ಅದೇ ಟೊಮೆಟೊವನ್ನು ರೈತರು ರಸ್ತೆಗೆ ಸುರಿದು ಹೋಗುತ್ತಾರೆ. ನಾವು ಟೊಮೆಟೊಗೆ 100 ರೂಪಾಯಿ ಕೊಟ್ಟರೆ ಬೆಳೆದವನಿಗೆ ತಲುಪುವುದು ಸುಮಾರು 33 ರೂಪಾಯಿ, ಈರುಳ್ಳಿಗಾದರೆ 36 ರೂಪಾಯಿ ಎಂದು 2024ರಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಅಧ್ಯಯನ ಪತ್ರವು ಅಂದಾಜಿಸಿದೆ. ಕೊಳ್ಳುವವನಿಗೂ ನೆಮ್ಮದಿಯಿಲ್ಲ, ಬೆಳೆಯುವವನಿಗೂ ಇಲ್ಲ. ಶೈತ್ಯಾಗಾರ, ಸಾಗಾಟ, ನ್ಯಾಯವಾದ ಮಾರುಕಟ್ಟೆ ಇವುಗಳನ್ನು ಒದಗಿಸದ ಸರಕಾರಗಳು, ಬೆಲೆ ಏರಿದಾಗ ರಫ್ತು ನಿಷೇಧಿಸಿ ರೈತನಿಗೂ, ಇಳಿದಾಗ ಮೌನವಹಿಸಿ ಮತ್ತೆ ರೈತನಿಗೂ ಅನ್ಯಾಯ ಮಾಡುತ್ತಿವೆ. ಸರಕಾರವನ್ನು ಪ್ರಶ್ನಿಸುವುದಾದರೆ ಇದನ್ನು ಪ್ರಶ್ನಿಸಬೇಕು. ಅಗ್ಗದ ಈರುಳ್ಳಿ ಬೇಕೆಂದು ರೈತನ ಹೊಟ್ಟೆಗೆ ಹೊಡೆಯುವ ನೀತಿಯನ್ನು ನಾವು ಬೆಂಬಲಿಸಬಾರದು.

ಈಗ ಮನೆಯೊಳಗೆ ಬರೋಣ. ಬೆಲೆ ಏರಿದಾಗ ಮನೆಯಲ್ಲಿ ಏನಾಗುತ್ತದೆ? ಬಾಡಿಗೆ, ಶಾಲೆಯ ಫೀಸು, ಸಾಲದ ಕಂತು, ಮೊಬೈಲ್ ರೀಚಾರ್ಜ್ ಇವು ಯಾವುವೂ ಒಂದು ರೂಪಾಯಿ ಕಡಿಮೆಯಾಗುವುದಿಲ್ಲ. ಕಡಿಮೆ ಮಾಡಬಹುದಾದುದು ಅಡುಗೆಮನೆಯೊಂದೇ. ಅಲ್ಲಿಯೂ ಅನ್ನಕ್ಕೆ ಕೈಹಾಕಲಾಗದು. ಆದ್ದರಿಂದ ಮೊದಲು ಹಣ್ಣು ನಿಲ್ಲುತ್ತದೆ. ಬಳಿಕ ಸಾರಿನಲ್ಲಿ ಬೇಳೆ ಕಡಿಮೆಯಾಗಿ ನೀರು ಹೆಚ್ಚಾಗುತ್ತದೆ. ಆ ಬಳಿಕ ಮಾಂಸ ವಾರದಿಂದ ಹದಿನೈದು ದಿನಕ್ಕೆ ಹೋಗುತ್ತದೆ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವಾಗ ಬಂಗುಡೆಯೂ ಕೈಗೆಟಕುವುದಿಲ್ಲ. ಇರುವ ನಾಲ್ಕು ತುಂಡನ್ನು ಹಂಚುವಾಗ ದುಡಿಯುವ ಗಂಡಸಿಗೆ ಒಂದು, ಮಕ್ಕಳಿಗೆ ಎರಡು, ಮಾವನಿಗೆ ಒಂದು. ಬಡಿಸಿದವಳಿಗೆ ಉಳಿದ ಸಾರು. ಕೇಳಿದರೆ ‘ನನಗೆ ಅಷ್ಟೊಂದು ಇಷ್ಟವಿಲ್ಲ’ ಎನ್ನುತ್ತಾಳೆ. ನಮ್ಮ ತಾಯಂದಿರು ಜೀವಮಾನವಿಡೀ ಹೇಳುತ್ತಾ ಬಂದ ಈ ಮಾತನ್ನು ನಾವು ನಂಬಿಕೊಂಡೇ ದೊಡ್ಡವರಾಗಿದ್ದೇವೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಏನು ಹೇಳುತ್ತದೆಂದು ನೋಡಿ. ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆಯಿದೆ. ಅದೇ ವಯಸ್ಸಿನ ಪುರುಷರಲ್ಲಿ ಶೇ. 19.6 ಮಂದಿಗೆ. ಹೆರಿಗೆ, ಮುಟ್ಟು ಮುಂತಾದ ದೈಹಿಕ ಕಾರಣಗಳು ಇದರಲ್ಲಿವೆ ನಿಜ. ಆದರೆ ಅಷ್ಟರಿಂದಲೇ ಹೆಚ್ಚು ಕಬ್ಬಿಣಾಂಶ ಬೇಕಾದವಳಿಗೆ ನಾವು ಹೆಚ್ಚು ಬಡಿಸಬೇಕಾಗಿತ್ತಲ್ಲವೇ? ಆಗುತ್ತಿರುವುದು ಅದಕ್ಕೆ ವಿರುದ್ಧ. ಬೆಲೆಯೇರಿಕೆಯ ವಿರುದ್ಧ ನಮ್ಮ ಮನೆಗಳು ಕಟ್ಟಿಕೊಂಡಿರುವ ತಡೆಗೋಡೆ ಮಹಿಳೆಯ ಹಸಿವು. ಅದು ಸದ್ದು ಮಾಡುವುದಿಲ್ಲವಾದ್ದರಿಂದ ಯಾವ ಪತ್ರಿಕೆಯಲ್ಲೂ ಸುದ್ದಿಯಾಗುವುದಿಲ್ಲ.

ಗಲ್ಫ್‌ನಲ್ಲಿರುವ ನಮ್ಮ ಸಹೋದರರ ಮನೆಗಳಲ್ಲೂ ಇದೇ ಸ್ಥಿತಿ. ಮೂರು ವರ್ಷಗಳ ಹಿಂದೆ ಮನೆಖರ್ಚಿಗೆಂದು ನಿಗದಿಪಡಿಸಿದ ಮೊತ್ತವೇ ಇಂದಿಗೂ ಬರುತ್ತಿರುತ್ತದೆ. ಊರಿನ ಅಂಗಡಿಯ ದರ ಜಿದ್ದಾ, ದುಬೈಗಳಲ್ಲಿರುವವರಿಗೆ ತಿಳಿಯದು. ಹೇಳಿದರೆ ‘ನಿನಗೆ ಖರ್ಚು ಮಾಡಲು ತಿಳಿದಿಲ್ಲ’ ಎಂಬ ಮಾತು ಕೇಳಬೇಕಾದೀತೆಂದು ಪತ್ನಿ ಹೇಳುವುದಿಲ್ಲ. ಅಂಗಡಿಯ ಉದ್ರಿ ಪುಸ್ತಕದಲ್ಲಿ ಮಾತ್ರ ಸಾಲ ಬೆಳೆಯುತ್ತಿರುತ್ತದೆ.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲನೆಯದಾಗಿ, ವಾರದ ಸಾಮಾನಿನ ಲೆಕ್ಕವನ್ನು ಗಂಡ ಹೆಂಡತಿ ಒಟ್ಟಿಗೆ ಕುಳಿತು ಬರೆಯಬೇಕು. ಲೆಕ್ಕ ಕೇಳುವುದು ಬೇರೆ, ಲೆಕ್ಕದಲ್ಲಿ ಪಾಲ್ಗೊಳ್ಳುವುದು ಬೇರೆ. ತಿಂಗಳಿಗೊಮ್ಮೆಯಾದರೂ ಮನೆಯ ಪುರುಷನೇ ಚೀಲ ಹಿಡಿದು ದಿನಸಿಗೆ ಹೋಗಬೇಕು. ಬೆಳೆದ ಮಕ್ಕಳಿಗೂ ಆ ಲೆಕ್ಕ ತಿಳಿದಿರಬೇಕು. ಏನನ್ನು ಕಡಿಮೆ ಮಾಡಬೇಕೆಂಬ ತೀರ್ಮಾನ ಎಲ್ಲರ ಮುಂದೆ ಆಗಬೇಕೇ ಹೊರತು ಒಬ್ಬಳ ತಟ್ಟೆಯಲ್ಲಿ ಮೌನವಾಗಿ ಆಗಬಾರದು.

ಎರಡನೆಯದಾಗಿ, ಕಡಿತ ಎಲ್ಲಿಂದ ಆರಂಭವಾಗಬೇಕು ಎಂಬುದನ್ನು ಅರಿಯಬೇಕು. ಆ ಸಮೀಕ್ಷೆಯ ಪ್ರಕಾರ ನಗರದ ಕುಟುಂಬಗಳು ಒಟ್ಟು ಖರ್ಚಿನಲ್ಲಿ ಶೇ. 11ರಷ್ಟನ್ನು ಪಾನೀಯ, ಸಿದ್ಧ ತಿನಿಸು, ಹೊರಗಿನ ಊಟಗಳಿಗೆ ವ್ಯಯಿಸುತ್ತಿವೆ. ಇದು ಹಾಲಿಗಿಂತಲೂ ಹೆಚ್ಚು, ತರಕಾರಿಗಿಂತಲೂ ಹೆಚ್ಚು, ಧಾನ್ಯಕ್ಕಿಂತಲೂ ಹೆಚ್ಚು. ಮೊಟ್ಟೆಗೆ ಹಣವಿಲ್ಲದ ಮನೆಯಲ್ಲಿ ಚಿಪ್ಸ್, ತಂಪು ಪಾನೀಯಗಳಿಗೆ ಹಣ ಎಲ್ಲಿಂದ ಬರುತ್ತದೆ? ಪ್ಯಾಕೆಟ್ಟಿನ ದರ ಬದಲಾಗದಿದ್ದರೂ ಒಳಗಿನ ತೂಕ ಇಳಿದಿರುತ್ತದೆ. ಗ್ರಾಮಿಗೋ ಕಿಲೋಗೋ ಬೆಲೆ ಎಷ್ಟು ಬೀಳುತ್ತದೆ ಎಂಬುದನ್ನು ಪ್ಯಾಕೆಟ್ಟಿನ ಮೇಲೆ ಮುದ್ರಿಸಬೇಕೆಂದು 2021ರಲ್ಲಿ ನಿಯಮಕ್ಕೆ ತಿದ್ದುಪಡಿ ತರಲಾಗಿದೆ. ಅದನ್ನು ಓದುವ ರೂಢಿ ಮಾಡಿಕೊಳ್ಳೋಣ. ರಾಗಿ, ಹುರುಳಿ, ನುಗ್ಗೆ ಸೊಪ್ಪು, ಮೊಟ್ಟೆ, ಅಗ್ಗವಾಗಿರುವಾಗ ಬೂತಾಯಿ ಇವುಗಳನ್ನು ಬಡವರ ಆಹಾರವೆಂದು ಕೀಳಾಗಿ ಕಾಣದಿರೋಣ. ಊಟದ ಜೊತೆಯಲ್ಲೇ ಚಹಾ ಕುಡಿದರೆ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಸೇರದು, ನಿಂಬೆಹುಳಿ ಹಿಂಡಿದರೆ ಹೆಚ್ಚು ಸೇರುತ್ತದೆ. ಇದಕ್ಕೆ ಹೆಚ್ಚಿನ ಖರ್ಚಿಲ್ಲ.

ಮೂರನೆಯದಾಗಿ, ಔತಣಗಳ ಕುರಿತು ಒಂದು ಮಾತು. ಹಗಲಿನ ಊಟವಿಲ್ಲದ ರಮಝಾನ್ ತಿಂಗಳಲ್ಲೇ ನಮ್ಮ ಮನೆಗಳ ದಿನಸಿ ಬಿಲ್ಲು ಎಲ್ಲ ತಿಂಗಳಿಗಿಂತ ಹೆಚ್ಚಾಗುವುದೇಕೆ? ಮದುವೆಯ ಸಭಾಂಗಣದಲ್ಲಿ ಅರ್ಧ ತಿಂದ ಬಿರಿಯಾನಿ ತೊಟ್ಟಿ ಸೇರುವ ದಿನವೇ ಅದರ ಹಿಂದಿನ ಓಣಿಯಲ್ಲಿ ಒಲೆ ಉರಿಯದ ಮನೆಯಿರುತ್ತದೆ. ದುಂದುವೆಚ್ಚ ಪಾಪವೆಂದು ತಿಳಿಯದವರು ನಮ್ಮಲ್ಲಿ ಯಾರೂ ಇಲ್ಲ. ಆದರೂ ಮೂರು ಬಗೆಯ ಖಾದ್ಯವನ್ನು ಎರಡಕ್ಕಿಳಿಸುವ ಧೈರ್ಯವಿರುವವರು ವಿರಳ. ನೆರೆಮನೆಯವನ ಉದ್ರಿ ಸಾಲವನ್ನು ಅವನಿಗೂ ತಿಳಿಯದಂತೆ ತೀರಿಸಿಬಿಟ್ಟರೆ, ಅದು ನೂರು ಜನರ ಔತಣಕ್ಕಿಂತ ಮೇಲಾದ ಸತ್ಕಾರ.

ಕೊನೆಯದಾಗಿ, ಹಕ್ಕಿನ ವಿಷಯ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 5 ಕಿಲೋ ಧಾನ್ಯ ದೊರೆಯಬೇಕು. ಅದೇ ಕಾಯ್ದೆಯು ಪಡಿತರ ಚೀಟಿಯ ಮಟ್ಟಿಗೆ ಮನೆಯ ಹಿರಿಯ ಮಹಿಳೆಯನ್ನೇ ಕುಟುಂಬದ ಮುಖ್ಯಸ್ಥೆಯೆಂದು ಪರಿಗಣಿಸಿದೆ. ಕಾನೂನು ಅವಳಿಗೆ ನೀಡಿದ ಸ್ಥಾನವನ್ನು ನಾವು ಊಟದ ಸುಪ್ರದಲ್ಲಿ ನೀಡಿದ್ದೇವೆಯೇ? ಫಲಾನುಭವಿಗಳ ಸಂಖ್ಯೆಯನ್ನು 2011ರ ಜನಗಣತಿಯ ಆಧಾರದಲ್ಲಿ ನಿಗದಿಪಡಿಸಿದ್ದರಿಂದ, ಆ ಬಳಿಕ ಬೆಳೆದ ಜನಸಂಖ್ಯೆಯ ದೊಡ್ಡ ಭಾಗ ಹೊರಗುಳಿದಿದೆ. ಅರ್ಹರನ್ನೆಲ್ಲ ಸೇರಿಸಬೇಕೆಂದು, ಅಕ್ಕಿಯ ಜೊತೆ ಬೇಳೆಯೂ ಎಣ್ಣೆಯೂ ಪಡಿತರದಲ್ಲಿ ಸಿಗಬೇಕೆಂದು ನಾವು ಒತ್ತಾಯಿಸಬೇಕು. ಜೊತೆಗೆ ನಮ್ಮ ಕರ್ತವ್ಯವನ್ನೂ ಮರೆಯಬಾರದು. ಸೊಸೆಯ ಹೆಸರು, ಹುಟ್ಟಿದ ಮಗುವಿನ ಹೆಸರು ಚೀಟಿಗೆ ಸೇರದೆ ವರ್ಷಗಟ್ಟಲೆ ಉಳಿದ ಮನೆಗಳು ನಮ್ಮ ಮೊಹಲ್ಲಾಗಳಲ್ಲಿ ಎಷ್ಟಿಲ್ಲ? ಓದಿದ ಯುವಕರು ವಾರಕ್ಕೊಂದು ಸಂಜೆ ಈ ಅರ್ಜಿಗಳಿಗಾಗಿ ಮೀಸಲಿಟ್ಟರೆ ಸಾಕು.

ಬೆಲೆಗಳನ್ನು ಇಳಿಸುವ ಶಕ್ತಿ ನಮ್ಮ ಕೈಯಲ್ಲಿಲ್ಲ. ಏರಿದ ಬೆಲೆಯ ಭಾರವನ್ನು ಮನೆಯಲ್ಲಿ ಹೇಗೆ ಹಂಚಿಕೊಳ್ಳಬೇಕೆಂಬುದು ಮಾತ್ರ ಪೂರ್ತಿಯಾಗಿ ನಮ್ಮ ಕೈಯಲ್ಲೇ ಇದೆ. ಅದಕ್ಕೆ ಯಾವ ಸರಕಾರದ ಆದೇಶವೂ ಬೇಕಿಲ್ಲ. ಇಂದು ರಾತ್ರಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತು, ಬಡಿಸುವವಳ ತಟ್ಟೆಗೆ ಮೊದಲು ಬಡಿಸೋಣ. ನಾಳೆಯ ಲೆಕ್ಕವನ್ನು ಅಲ್ಲಿಂದ ಆರಂಭಿಸೋಣ.