ಹಳೆಯ ಅಕ್ಕಿ ಹಲ್ಲರ್: ದುರಸ್ತಿ ಮಾಡಿಸಬೇಕೇ, ಬಿಡಬೇಕೇ?
(ಭತ್ತ ಬೆಳೆಗಾರರ ತರಬೇತಿ ಶಿಬಿರದಲ್ಲಿ ನೀಡಿದ ಭಾಷಣ)



ಮಲೆನಾಡು ಮತ್ತು ಕರಾವಳಿಯ ಅನೇಕ ಮನೆಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲೋ ಪಂಪಿನ ಮನೆಯಲ್ಲೋ ಒಂದು ಹಳೆಯ ಹಲ್ಲರ್ ಬಿದ್ದಿರುತ್ತದೆ. ಅಜ್ಜನ ಕಾಲದಲ್ಲಿ ಊರಿಗೆಲ್ಲ ಅಕ್ಕಿ ಮಾಡಿಕೊಟ್ಟ ಯಂತ್ರ. ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ, ದುರಸ್ತಿಗೆ ಹಣ ಹಾಕಲು ಧೈರ್ಯ ಬರುವುದಿಲ್ಲ. ಇದನ್ನು ಹೇಗೆ ತೀರ್ಮಾನಿಸಬೇಕೆಂಬುದೇ ಇಂದಿನ ವಿಷಯ.

ಮೊದಲು ತುಕ್ಕಿನ ಮಾತು. ತುಕ್ಕು ನೋಡಿ ಹೆದರಬೇಕಾಗಿಲ್ಲ. ಸೀಮೆಎಣ್ಣೆ ಹಚ್ಚಿ ಎರಡು ದಿನ ಬಿಟ್ಟು ತಂತಿ ಬ್ರಷ್ಷಿನಿಂದ ಉಜ್ಜಿದರೆ ಮೇಲಿನ ತುಕ್ಕು ಹೋಗುತ್ತದೆ. ಹೊಸ ಬಣ್ಣ ನೋಡಿ ಮರುಳಾಗಲೂಬಾರದು. ನೋಡತಕ್ಕದ್ದು ಬೇರೆಯೇ ಇದೆ.

ಹಲ್ಲರಿನ ಒಡಲು ಬೀಡು ಕಬ್ಬಿಣದ್ದು. ಇದರಲ್ಲಿ ಬಿರುಕು ಇದೆಯೇ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಒಡಲನ್ನು ಸೀಮೆಎಣ್ಣೆಯಿಂದ ತೊಳೆದು, ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸುಣ್ಣದ ಪುಡಿಯನ್ನೋ ಸೀಮೆಸುಣ್ಣದ ಪುಡಿಯನ್ನೋ ಸವರಿ. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಹೊರಬಂದು ಪುಡಿಯ ಮೇಲೆ ಗೆರೆ ಮೂಡುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿಯೂ ನೋಡಬಹುದು. ಗಂಟೆಯಂತೆ ನಾದ ಬಂದರೆ ಒಳ್ಳೆಯದು, ಒಡಕು ಮಡಕೆಯಂತೆ ಬಂದರೆ ಅನುಮಾನಿಸಿರಿ. ಬೀಡಿಗೆ ವೆಲ್ಡಿಂಗ್ ಆಗುವುದೇ ಇಲ್ಲವೆಂದಲ್ಲ. ಆದರೆ ನಿಕ್ಕಲ್ ಕಡ್ಡಿ ಬಳಸಿ, ಬಿಸಿ ಮಾಡಿ, ನಿಧಾನವಾಗಿ ಆರಿಸುವ ಕೈ ಬೇಕು. ಇಲ್ಲವಾದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಬೇರಿಂಗ್ ಕೂರುವ ಜಾಗದಲ್ಲಿ ಬಿರುಕಿದ್ದರೆ ಆ ಯಂತ್ರದ ಆಸೆ ಬಿಡುವುದೇ ಲೇಸು.

ಆಮೇಲೆ ಪುಲ್ಲಿಯ ಹತ್ತಿರ ಶಾಫ್ಟನ್ನು ಹಿಡಿದು ಮೇಲಕ್ಕೆ ಕೆಳಕ್ಕೆ ಅಲುಗಿಸಿ. ಆಡಿದರೆ ಬುಷ್ ಸವೆದಿದೆ. ಬುಷ್ ಬದಲಿಸುವುದು ದೊಡ್ಡ ಖರ್ಚಲ್ಲ. ಶಾಫ್ಟೇ ಸವೆದಿದ್ದರೆ ಲೇತಿನವರ ಬಳಿಗೆ ಹೋಗಬೇಕು.

ಮೇಲಿನ ಮುಚ್ಚಳ ತೆಗೆದು ರೋಲರನ್ನು ನೋಡಿರಿ. ಭತ್ತ ಬೀಳುವ ಕಡೆ ಅದರ ಏಣುಗಳು ತಿರುಪಿನಂತೆ ಓರೆಯಾಗಿ, ಮುಂದೆ ನೇರವಾಗಿ ಇರುತ್ತವೆ. ಓರೆ ಏಣು ಭತ್ತವನ್ನು ಮುಂದೆ ತಳ್ಳುತ್ತದೆ, ನೇರ ಏಣು ಉಜ್ಜುತ್ತದೆ. ರೋಲರಿನ ಮೇಲ್ಮೈ ಎರಕದಲ್ಲೇ ತಣಿಸಿ ಗಟ್ಟಿ ಮಾಡಿದ್ದು. ಆ ಗಟ್ಟಿ ಪದರ ಸವೆದ ಮೇಲೆ ಒಳಗಿನ ಮೆದು ಬೀಡು ಬೇಗ ತಿನ್ನಲ್ಪಡುತ್ತದೆ. ಅದಕ್ಕೆ ಹೊಸ ರೋಲರೇ ಬೇಕು. ಬ್ಲೇಡು ಮತ್ತು ಜಾಲರಿ ಹೇಗೂ ಸವೆಯುವ ಭಾಗಗಳು, ಅವುಗಳ ಸ್ಥಿತಿ ನೋಡಿ ಯಂತ್ರವನ್ನು ಅಳೆಯಬೇಡಿ. ಆದರೆ ನಿಮ್ಮ ಹಲ್ಲರಿನ ಅಳತೆಯ ಜಾಲರಿ ಇಂದಿಗೂ ಪೇಟೆಯಲ್ಲಿ ಸಿಗುತ್ತದೆಯೇ ಎಂದು ಒಂದು ರೂಪಾಯಿ ಖರ್ಚು ಮಾಡುವ ಮೊದಲೇ ವಿಚಾರಿಸಿರಿ.

ಇಷ್ಟೆಲ್ಲ ಸರಿ ಇದ್ದರೂ ತೀರ್ಮಾನ ಆಗಲಿಲ್ಲ. ಯಂತ್ರ ಹೊಸದಾದರೂ ಹಲ್ಲರ್ ಹಲ್ಲರೇ. ಭತ್ತದ ತೂಕದಲ್ಲಿ ಸುಮಾರು 20 ಭಾಗ ಹೊಟ್ಟು, 8 ಭಾಗ ತೌಡು. ಉಳಿದ 72ರಲ್ಲಿ ರಬ್ಬರ್ ರೋಲರ್ ಇರುವ ಗಿರಣಿ 68ರಿಂದ 70 ಭಾಗ ಅಕ್ಕಿ ಕೊಡುತ್ತದೆ. ಹಲ್ಲರಿನಲ್ಲಿ 60ರಿಂದ 65 ಮಾತ್ರ, ಅದರಲ್ಲೂ ನುಚ್ಚು ಹೆಚ್ಚು. ಹೊಟ್ಟು ಬಿಡಿಸುವುದೂ ಪಾಲಿಶ್ ಮಾಡುವುದೂ ಒಂದೇ ಕೋಣೆಯಲ್ಲಿ ತಿಕ್ಕಿ ತಿಕ್ಕಿ ನಡೆಯುವುದೇ ಇದಕ್ಕೆ ಕಾರಣ. ಪಾಲಿಶ್ ಇಲ್ಲದ ಅಕ್ಕಿ ಮಾಡಿ ಮಾರುವ ಉದ್ದೇಶವಿದ್ದರೆ ಈ ಯಂತ್ರ ಅದಕ್ಕೆ ಹೇಳಿ ಮಾಡಿಸಿದ್ದಲ್ಲ. ಬರುವ ತೌಡಿನಲ್ಲೂ ಹೊಟ್ಟಿನ ಪುಡಿ ಬೆರೆತಿರುತ್ತದೆ; ದನಕ್ಕೆ ಹಿತಮಿತವಾಗಿ ಹಾಕಬಹುದು, ಎಣ್ಣೆ ಗಿರಣಿಯವರು ಕೊಳ್ಳುವುದಿಲ್ಲ.

ಕುಚ್ಚಲಕ್ಕಿಯ ಮಾತು ಬೇರೆ. ಭತ್ತವನ್ನು ಬೇಯಿಸಿ ಒಣಗಿಸಿದಾಗ ಕಾಳಿನೊಳಗಿನ ಸಣ್ಣ ಸೀಳುಗಳು ಕೂಡಿಕೊಂಡು ಗಟ್ಟಿಯಾಗುತ್ತವೆ, ಹಲ್ಲರಿನ ತಿಕ್ಕಾಟವನ್ನು ತಾಳುತ್ತವೆ. ಕುಚ್ಚಲಕ್ಕಿ ಉಣ್ಣುವ ಮನೆಗೆ ಹಲ್ಲರ್ ಅಷ್ಟೊಂದು ನಷ್ಟದ ಬಾಬಲ್ಲ. ಬೆಳ್ತಿಗೆಯವರು ಎರಡು ಸಲ ಯೋಚಿಸಬೇಕು.

ಈಗ ಲೆಕ್ಕ ಹಾಕೋಣ. ಆರು ಜನರ ಮನೆಯಲ್ಲಿ ತಲೆಗೆ ತಿಂಗಳಿಗೆ 11 ಕಿ.ಗ್ರಾಂ. ಅಕ್ಕಿ ಎಂದಿಟ್ಟುಕೊಂಡರೆ ವರ್ಷಕ್ಕೆ ಸುಮಾರು 8 ಕ್ವಿಂಟಲ್ ಅಕ್ಕಿ, ಅಂದರೆ ಹನ್ನೆರಡೂವರೆ ಕ್ವಿಂಟಲ್ ಭತ್ತ. ಗಂಟೆಗೆ 2 ಕ್ವಿಂಟಲ್ ಹೊಡೆಯುವ ಹಲ್ಲರಿಗೆ ಇದು ಆರೇಳು ಗಂಟೆಯ ಕೆಲಸ. ವರ್ಷದಲ್ಲಿ ಆರೇಳು ಗಂಟೆ! ಕ್ವಿಂಟಲಿಗೆ 5 ಕಿ.ಗ್ರಾಂ. ಅಕ್ಕಿ ಕಡಿಮೆ ಬಂದರೆ 62 ಕಿ.ಗ್ರಾಂ. ಹೋಯಿತು. ಇದರ ಬೆಲೆಗೆ ವಿದ್ಯುತ್ತಿನ ಖರ್ಚು, ದುರಸ್ತಿಯ ಹಣ ಸೇರಿಸಿ, ಪೇಟೆಯ ಗಿರಣಿಯ ಕೂಲಿ ಮತ್ತು ಸಾಗಣೆಯ ಜೊತೆ ತೂಗಿ ನೋಡಿರಿ. ಒಂದೇ ಮನೆಗಾದರೆ ತಕ್ಕಡಿ ಗಿರಣಿಯ ಕಡೆಗೇ ವಾಲುವುದು ಹೆಚ್ಚು.

ಹಾಗಾದರೆ ಯಾರಿಗೆ ಲಾಭ? ಗಿರಣಿ ದೂರವಿರುವ ಊರಿನಲ್ಲಿ ಐದಾರು ಮನೆಯವರು ಕೂಡಿಕೊಂಡರೆ ಲೆಕ್ಕ ಕೂಡುತ್ತದೆ. ರಾಜಮುಡಿಯಂಥ ತಳಿಯನ್ನು ಎರಡು ಮೂರು ಚೀಲ ಬೆಳೆದವರಿಗೂ ಉಪಯೋಗ. ದೊಡ್ಡ ಗಿರಣಿಗೆ ಸಣ್ಣ ಪ್ರಮಾಣ ಒಯ್ದರೆ ಬೇರೆಯವರ ಭತ್ತದ ಜೊತೆ ಬೆರೆಯುವ ಸಂಭವ ಉಂಟು. ನಮ್ಮ ಗದ್ದೆಯ ಅಕ್ಕಿ ನಮ್ಮ ಮನೆಗೇ ಬರಬೇಕು ಎನ್ನುವವರು ಸ್ವಲ್ಪ ನಷ್ಟ ಸಹಿಸಿಯಾದರೂ ಹಲ್ಲರ್ ಇಟ್ಟುಕೊಂಡರೆ ನಾನು ಬೇಡವೆನ್ನಲಾರೆ.

ವಿದ್ಯುತ್ತಿನ ವಿಷಯ ಮರೆಯಬೇಡಿ. ದೊಡ್ಡ ಹಲ್ಲರಿಗೆ 10ರಿಂದ 15 ಅಶ್ವಶಕ್ತಿಯ ಮೂರು ಫೇಸಿನ ಮೋಟಾರು ಬೇಕು. ನೀರಾವರಿ ಪಂಪ್‌ಸೆಟ್ಟಿನ ಸಂಪರ್ಕದಿಂದ ಅದನ್ನು ಓಡಿಸಿದರೆ 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅನಧಿಕೃತ ಬಳಕೆ ಎನಿಸಿ ದಂಡ ಬೀಳುತ್ತದೆ. ಬೇರೆ ಮೀಟರಿಗೆ ಅರ್ಜಿ ಹಾಕಬೇಕು. ಬೆಲ್ಟಿಗೆ ಜಾಲರಿಯ ಮರೆ ಕಟ್ಟದೆ ಯಂತ್ರ ಚಾಲೂ ಮಾಡಲೇಬೇಡಿ. ಸೆರಗು, ಪಂಚೆ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ.

ಯಂತ್ರ ಸ್ವಲ್ಪವಾದರೂ ಓಡುವ ಸ್ಥಿತಿಯಲ್ಲಿದ್ದರೆ, ದುರಸ್ತಿಗೆ ಮೊದಲು ಒಂದು ಪರೀಕ್ಷೆ ಮಾಡಿರಿ. ಚೆನ್ನಾಗಿ ಒಣಗಿದ, ಹಲ್ಲಿನಲ್ಲಿ ಕಚ್ಚಿದರೆ ಕಟ್ ಎನ್ನುವ ಭತ್ತ 20 ಕಿ.ಗ್ರಾಂ. ತೆಗೆದುಕೊಂಡು, ಅರ್ಧ ನಿಮ್ಮ ಹಲ್ಲರಿಗೆ, ಅರ್ಧ ಪೇಟೆಯ ಗಿರಣಿಗೆ ಹಾಕಿಸಿ. ಎರಡೂ ಕಡೆಯ ಅಕ್ಕಿಯನ್ನೂ ನುಚ್ಚನ್ನೂ ಬೇರೆ ಬೇರೆ ತೂಗಿ. ಅಕ್ಕಿಯನ್ನು ಮನೆಯ ಹೆಣ್ಣುಮಕ್ಕಳ ಕೈಗೆ ಕೊಟ್ಟು ಅನ್ನ ಮಾಡಿಸಿ ನೋಡಿರಿ. ಹಲ್ಲರ್ ಬೇಡವೆಂದು ತೀರ್ಮಾನವಾದರೆ ಮೋಟಾರನ್ನು ಮಾತ್ರ ಬಿಚ್ಚಿ ಇಟ್ಟುಕೊಳ್ಳಿ. ಅಶ್ವಶಕ್ತಿ ಹೊಂದಿದರೆ ಮೇವು ಕತ್ತರಿಸುವ ಯಂತ್ರಕ್ಕೆ ಬಂದೀತು.