ಅಚ್ಚಿನ ಶಿಲುಬೆ, ನೇಯ್ಗೆಯ ಶಿಲುಬೆ

(ಕ್ರಿಸ್ತಜಯಂತಿಯಂದು ರಾಂಪುರದಲ್ಲಿ ಯುವಜನರಿಗೆ ನೀಡಿದ ಪ್ರಬೋಧನೆ)



ಕುರಿಗಾಹಿಗಳಿಗೆ ದೇವದೂತನು ಕೊಟ್ಟ ಗುರುತು ಏನೆಂಬುದನ್ನು ಈಗತಾನೇ ಶುಭಸಂದೇಶದಲ್ಲಿ ಕೇಳಿದೆವು. ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಒಂದು ಕೂಸು, ಅಷ್ಟೇ. ಚಳ್ಳಕೆರೆ ಸೀಮೆಯ ನಮಗೆ ಕುರಿ ಕಾಯುವವರೂ ಹೊಸಬರಲ್ಲ, ಅವರ ಹೆಗಲ ಮೇಲಿನ ಕಂಬಳಿಯೂ ಹೊಸದಲ್ಲ. ಅಂಥವರೇ ಆ ರಾತ್ರಿ ಒಂದು ತುಂಡು ಬಟ್ಟೆಯ ಗುರುತು ಹಿಡಿದು ಹೋಗಿ ದೇವರನ್ನು ಕಂಡರು. ಆದುದರಿಂದ ಹಬ್ಬದ ದಿನ ನಾವು ಬಟ್ಟೆಯ ಬಗ್ಗೆ ಮಾತಾಡಿದರೆ ತಪ್ಪಾಗಲಾರದು.

ರಜೆಗೆ ಊರಿಗೆ ಬಂದ ವಿದ್ಯಾರ್ಥಿಯೊಬ್ಬ ಕಳೆದ ವಾರ ನಮ್ಮನ್ನು ಕಾಣಲು ಬಂದಿದ್ದ. ದೂರದ ಊರಿನ ಹಾಸ್ಟೆಲಿನಲ್ಲಿದ್ದು ಓದುತ್ತಾನೆ. ಅವನ ತಾಯಿ ಮಗ್ಗದವರ ಮನೆಯಲ್ಲಿ ನೂಲು ಸುತ್ತಿ ಅವನನ್ನು ಓದಿಸುತ್ತಿದ್ದಾರೆ. ಅವನ ಹತ್ತಿರ ಒಂದು ಟೀ ಶರ್ಟು ಇತ್ತು. ಎದೆಯ ಮೇಲೆ ದೊಡ್ಡ ಶಿಲುಬೆ, ಬೆನ್ನ ಮೇಲೆ ಯೇಸುಸ್ವಾಮಿಯ ಮುಖ. "ಫಾದರ್, ನಾನು ಯಾರು ಅಂತ ಕಾಲೇಜಿನಲ್ಲಿ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಇದೇ ಹೇಳುತ್ತೆ ಅಂದುಕೊಂಡಿದ್ದೆ" ಎಂದ.

ಒಂದು ಸಂಜೆ ಹಾಸ್ಟೆಲಿನಲ್ಲಿ ಹಳ್ಳಿಯಿಂದ ಬಂದ ಹುಡುಗನೊಬ್ಬನ ಇಂಗ್ಲಿಷನ್ನು ಎಲ್ಲರೂ ಅಣಕಿಸಿ ನಕ್ಕರಂತೆ. ಇವನೂ ನಕ್ಕ. ಆ ಹುಡುಗ ಮಿಕ್ಕವರನ್ನು ಏನೂ ಕೇಳಲಿಲ್ಲ. ಇವನ ಎದೆಯ ಕಡೆ ಕೈ ತೋರಿಸಿ, "ನಿನ್ನ ಅಂಗಿ ಮೇಲಿರೋರು ಹಿಂಗೆ ನಗ್ತಿದ್ರಾ?" ಎಂದು ಕೇಳಿ ಎದ್ದು ಹೋದ. ಅಂದಿನಿಂದ ಆ ಅಂಗಿ ಟ್ರಂಕಿನ ತಳ ಸೇರಿತು. "ನಾನು ಅದನ್ನ ಹಾಕಿಕೊಳ್ಳಲಾ, ಬೇಡವಾ?" ಇದು ಅವನ ಪ್ರಶ್ನೆ.

ಪ್ರಿಯರೇ, ಇದು ಸಣ್ಣ ಪ್ರಶ್ನೆಯಲ್ಲ. 2022ರಲ್ಲಿ ನಮ್ಮ ರಾಜ್ಯದಲ್ಲಿ ಹಿಜಾಬಿನ ವಿಷಯ ತರಗತಿಯ ಬಾಗಿಲಿನಿಂದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಅಕ್ಟೋಬರಿನಲ್ಲಿ ಅಲ್ಲಿನ ಇಬ್ಬರು ನ್ಯಾಯಮೂರ್ತಿಗಳೂ ಬೇರೆ ಬೇರೆ ತೀರ್ಪು ಕೊಟ್ಟರು. ಮೈಮೇಲಿನ ಬಟ್ಟೆ ಒಬ್ಬರ ಮನಸ್ಸಿಗೆ ಎಷ್ಟು ಹತ್ತಿರದ್ದೆಂಬುದನ್ನು ಆಗ ನಾವೆಲ್ಲ ಕಂಡೆವು. ನಮ್ಮ ಶಿಲುಬೆಗೆ ಮರ್ಯಾದೆ ಬೇಕೆನ್ನುವ ನಾವು ಪಕ್ಕದವರ ತಲೆಯ ಮೇಲಿನ ಬಟ್ಟೆಗೂ ಮರ್ಯಾದೆ ಕೊಡಬೇಕು.

ಆ ಹುಡುಗ ಇನ್ನೊಂದು ಮಾತು ಹೇಳಿದ. "ಬಣ್ಣಗಳ ರಸಾಯನಶಾಸ್ತ್ರ ಓದಿದೆ ಫಾದರ್. ನೋಟ್ಸ್ ಬರೆಸಿದರು, ಬರೆದೆ, ಪಾಸಾದೆ. ನಮ್ಮ ಅಮ್ಮ ದಿನಾ ಮುಟ್ಟುವ ರೇಷ್ಮೆಯ ಬಣ್ಣ ಹೇಗೆ ನಿಲ್ಲುತ್ತೆ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ." ಹಾಗಾದರೆ ವಿಶ್ವವಿದ್ಯಾಲಯ ಹೇಗಿರಬೇಕಪ್ಪಾ ಎಂದೆವು. ಅವನು ಬೆರಳು ಮಡಿಸಿ ಹೇಳಿದ: ಹೆಸರು ಹಿಡಿದು ಕರೆಯುವ ಗುರುಗಳು ಇರಬೇಕು, ಹೆದರದೆ ಪ್ರಶ್ನೆ ಕೇಳುವಂತಿರಬೇಕು, ಕಲಿತದ್ದು ಊರಿಗೆ ತಿರುಗಿ ಬರಬೇಕು, ಜೊತೆಗಿರುವವನನ್ನು ನೋಡಿ ನಗದ ಹಾಗೆ ನಮ್ಮನ್ನು ತಿದ್ದಬೇಕು.

ಈ ನಾಲ್ಕು ಮಾತು ನಮ್ಮ ನೆಲಕ್ಕೆ ಹೊಸದಲ್ಲ. ಇದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿ 2,200 ವರ್ಷಗಳಿಗೂ ಹಿಂದೆ ಶಾಸನ ಬರೆಸಿದ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ತಂದೆತಾಯಿಗಳ ಮಾತು ಕೇಳುವುದು, ಜೀವಿಗಳಲ್ಲಿ ದಯೆ, ಸತ್ಯ ನುಡಿಯುವುದು, ಶಿಷ್ಯನು ಗುರುವನ್ನು ಗೌರವಿಸುವುದು, ಇವೇ ಅಲ್ಲಿನ ಪಾಠ. ಓದಲು ದಾವಣಗೆರೆಗೋ ಬಳ್ಳಾರಿಗೋ ಹೋಗುವ ನಮ್ಮ ಮಕ್ಕಳು ಬಸ್ಸು ಹತ್ತುವ ಮೊದಲೇ ಅವರ ಮೊದಲ ಪಠ್ಯ ಇಲ್ಲಿನ ಕಲ್ಲಿನ ಮೇಲಿದೆ.

ಧರ್ಮಸಭೆಯಲ್ಲಿ ವಿಶ್ವವಿದ್ಯಾಲಯದ ಬಗ್ಗೆ ಆಳವಾಗಿ ಯೋಚಿಸಿದವರು ಸಂತ ಜಾನ್ ಹೆನ್ರಿ ನ್ಯೂಮನ್. 1852ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಅವರು ಈ ಕುರಿತು ಉಪನ್ಯಾಸಗಳನ್ನು ಕೊಟ್ಟರು. 2025ರ ನವೆಂಬರ್ 1ರಂದು ಜಗದ್ಗುರು ಹದಿನಾಲ್ಕನೆಯ ಲಿಯೋರವರು ಅವರನ್ನು ಧರ್ಮಸಭೆಯ ಪಂಡಿತರೆಂದು ಸಾರಿದರು. ಸಂತ ಥಾಮಸ್ ಅಕ್ವಿನಾಸರೊಂದಿಗೆ ಕಥೋಲಿಕ ಶಿಕ್ಷಣದ ಪಾಲಕರನ್ನಾಗಿಯೂ ಮಾಡಿದರು. ಕೆಲಸಕ್ಕೆ ತರಬೇತಿ ಕೊಟ್ಟರೆ ಸಾಲದು, ಬುದ್ಧಿ ವಿಶಾಲವಾಗಬೇಕು, ಒಟ್ಟಿಗೆ ಬಾಳುವ ವಿದ್ಯಾರ್ಥಿಗಳು ಒಬ್ಬರಿಂದೊಬ್ಬರು ಕಲಿಯಬೇಕು ಎಂಬುದು ಅವರ ನಿಲುವು. ಜೊತೆಗೆ ಎಚ್ಚರಿಕೆಯನ್ನೂ ಕೊಟ್ಟರು: ವಿದ್ಯೆ ಮನುಷ್ಯನನ್ನು ಸಭ್ಯನನ್ನಾಗಿ ಮಾಡಬಲ್ಲದು, ಆದರೆ ಅದೊಂದರಿಂದಲೇ ಅವನು ಪುಣ್ಯವಂತನಾಗುವುದಿಲ್ಲ. ಅಂದರೆ, ಪದವಿಯ ನಿಲುವಂಗಿಯೂ ಒಂದು ಬಟ್ಟೆಯೇ. ಅದರೊಳಗೆ ಯಾರಿದ್ದಾರೆ ಎಂಬುದೇ ಪ್ರಶ್ನೆ.

ಇದಕ್ಕೆ ಉತ್ತರ ಆ ಹುಡುಗನ ತಾಯಿಯ ಕೈಯಲ್ಲೇ ಇದೆ. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅದರ ಅಂಚನ್ನು ಯಾರೂ ಮೇಲಿನಿಂದ ಅಂಟಿಸುವುದಿಲ್ಲ. ಹಾಸಿನ ಎಳೆಗಳ ನಡುವೆ ಲಾಳಿ ಓಡಿ ಓಡಿ, ಹೊಕ್ಕಿನ ಒಂದೊಂದು ಎಳೆಯೂ ಕೂಡಿ ಅದು ಮೂಡುತ್ತದೆ. ಟೀ ಶರ್ಟಿನ ಮೇಲಿನ ಅಚ್ಚು ಹತ್ತು ಒಗೆತಕ್ಕೆ ಬಿರಿಯುತ್ತದೆ. ನೇಯ್ದ ಅಂಚು ಸೀರೆ ಇರುವತನಕ ಇರುತ್ತದೆ. ಪ್ರಭು ಯೇಸು ಶಿಲುಬೆಗೇರುವ ಮುನ್ನ ತೊಟ್ಟಿದ್ದ ಅಂಗಿಯೂ ಹೊಲಿಗೆಯಿಲ್ಲದೆ ಮೇಲಿನಿಂದ ಕೆಳಗಿನತನಕ ನೇಯ್ದದ್ದೆಂದು ಸಂತ ಯೊವಾನ್ನರು ಹೇಳುತ್ತಾರೆ.

ಜ್ಞಾನಸ್ನಾನದಂದು ನಮಗೆ ಬಿಳಿಯ ಬಟ್ಟೆ ತೊಡಿಸಿದರು. ಕ್ರಿಸ್ತನನ್ನೇ ಉಡುಪಾಗಿ ಧರಿಸಿದ್ದೇವೆಂದು ಸಂತ ಪೌಲರು ಗಲಾತ್ಯದವರಿಗೆ ಬರೆದರು. ಕನಿಕರವನ್ನೂ ತಾಳ್ಮೆಯನ್ನೂ ಬಟ್ಟೆಯಂತೆ ತೊಡಬೇಕೆಂದು ಕೊಲೊಸ್ಸೆಯವರಿಗೆ ಹೇಳಿದರು. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೊ ಅಕ್ಯೂಟಿಸ್ 15ನೆಯ ವಯಸ್ಸಿನಲ್ಲಿ ತೀರಿಕೊಂಡ ಹುಡುಗ. ಅಸಿಸ್ಸಿಯ ಸಮಾಧಿಯಲ್ಲಿ ಅವನು ಜೀನ್ಸ್ ಮತ್ತು ಆಟದ ಬೂಟಿನಲ್ಲೇ ಮಲಗಿದ್ದಾನೆ. ಬಟ್ಟೆ ವ್ಯಾಪಾರಿಯ ಮಗ ಫ್ರಾನ್ಸಿಸರು ತಮ್ಮ ಬೆಲೆಬಾಳುವ ಉಡುಪನ್ನು ಕಳಚಿ ತಂದೆಗೆ ಹಿಂದಿರುಗಿಸಿದ ನೆನಪನ್ನು ಹೊತ್ತ ದೇವಾಲಯವೂ ಅದೇ. ಒಬ್ಬರು ಬಟ್ಟೆ ಬಿಟ್ಟು ಸಂತರಾದರು, ಇನ್ನೊಬ್ಬ ಎಲ್ಲ ಹುಡುಗರ ಬಟ್ಟೆ ತೊಟ್ಟೇ ಸಂತನಾದ.

ಹಾಗಾದರೆ ಆ ಹುಡುಗನಿಗೆ ಏನು ಹೇಳಿದೆವು? "ಹಾಕಿಕೋ ಮಗಾ. ನಾಚಿಕೆ ಬೇಡ. ಆದರೆ ಅದಕ್ಕೆ ಮೊದಲು ಆ ಹುಡುಗನ ಹತ್ತಿರ ಹೋಗಿ ಕ್ಷಮೆ ಕೇಳು. ಅವನ ಮಾತೇ ನಿನ್ನ ಕಾಲೇಜಿನ ದೊಡ್ಡ ಪಾಠ." ಅವನು ಏನೂ ಹೇಳದೆ ಹೋದ. ನಿನ್ನೆ ಗೋದಲಿ ಕಟ್ಟಲು ಬಂದಾಗ ಮೈಮೇಲೆ ಹಳೆಯ ಚೌಕಳಿ ಅಂಗಿ ಇತ್ತು. "ಫೋನ್ ಮಾಡಿದೆ ಫಾದರ್, ಅವನು ಎತ್ತಲಿಲ್ಲ. ರಜೆ ಮುಗಿದ ಮೇಲೆ ಎದುರಿಗೇ ಹೋಗ್ತೀನಿ" ಎಂದ. ಆ ಚೌಕಳಿ ಅಂಗಿಯ ಮೇಲೆ ನಮಗೆ ಶಿಲುಬೆ ಕಂಡಿತು.

ತಂದೆತಾಯಿಗಳೇ, ಹಬ್ಬಕ್ಕೆ ಮಕ್ಕಳಿಗೆ ಹೊಸ ಬಟ್ಟೆ ಕೊಡಿಸಿದ್ದೀರಿ, ಸಾಲ ಮಾಡಿ ಓದಿಸುತ್ತಲೂ ಇದ್ದೀರಿ. ಎಷ್ಟು ಅಂಕ ಬಂತು ಎಂದು ಕೇಳುವಾಗ, ಯಾರ ಜೊತೆ ಊಟ ಮಾಡುತ್ತೀ, ಯಾರನ್ನಾದರೂ ನೋಯಿಸಿದೆಯಾ ಎಂದೂ ಒಮ್ಮೆ ಕೇಳಿ. ಯುವಕ ಯುವತಿಯರೇ, ನಿಮ್ಮ ಅಂಗಿಯ ಮೇಲೆ ಏನಿದ್ದರೂ ಇರಲಿ, ಪಕ್ಕದ ಮಂಚದವನು ನಿಮ್ಮನ್ನು ನೋಡಿ ಕ್ರಿಸ್ತನ ಗುರುತು ಹಿಡಿಯುವಂತಾಗಲಿ.

ತುಂಡು ಬಟ್ಟೆಯಲ್ಲಿ ಸುತ್ತಿಸಿಕೊಂಡು ನಮ್ಮ ನಡುವೆ ಬಂದ ಬಾಲಯೇಸು ನಮ್ಮ ದಿನದಿನದ ಎಳೆಗಳಲ್ಲಿ ತನ್ನನ್ನೇ ನೇಯಲಿ. ಮಾತೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ. ಎಲ್ಲರಿಗೂ ಕ್ರಿಸ್ತಜಯಂತಿಯ ಶುಭಾಶಯಗಳು. ಆಮೆನ್.